ಬೀಗರು ಇಳಿಯದ ಬಸ್ಸು

ಅರಸೀಕೆರೆಯಿಂದ ಬೇಲೂರಿಗೆ ಹೋಗುತ್ತಿದ್ದ ಖಾಸಗಿ ಬಸ್ಸೊಂದರಲ್ಲಿ ನಾನು ಆರು ವರ್ಷ ಕಂಡಕ್ಟರನಾಗಿದ್ದೆ. ಬಾಣಾವರ, ಜಾವಗಲ್, ಹಳೇಬೀಡು, ಆಮೇಲೆ ಬೇಲೂರು. ನಮ್ಮ ತಂದೆ ಹಾರನಹಳ್ಳಿಯ ದೇವಸ್ಥಾನದಲ್ಲಿ ಪೂಜೆ ಮಾಡುತ್ತಿದ್ದವರು. ಎಸ್ಸೆಸ್ಸೆಲ್ಸಿ ಪಾಸಾದ ಮಗ ಚರ್ಮದ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿನ ಬಾಗಿಲಲ್ಲಿ ನೇತಾಡುವುದನ್ನು ಅವರು ಕೊನೆಯವರೆಗೂ ಒಪ್ಪಲಿಲ್ಲ. ಅದು ಅವರ ನಾಚಿಕೆ. ಆ ಕೆಲಸದಲ್ಲಿ ನಾನು ನಾಚಬೇಕಾದ ಸಂಗತಿ ಬೇರೆ ಇದೆ. ಅವರಿಗೆ ಅದನ್ನು ನಾನು ಹೇಳಲೇ ಇಲ್ಲ.

ಕಂಪನಿಗೆ ಇದ್ದದ್ದು ಮೂರು ಬಸ್ಸು, ರಿಪೇರಿಗೆ ಒಬ್ಬ ಮೇಸ್ತ್ರಿ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಓದು ಬರಹ ಇರಲಿಲ್ಲ. ನಾನು ಪೂಜಾರಿಯ ಮಗನೆಂದು ಅರ್ಧ ಗೌರವಕ್ಕೆ, ಅರ್ಧ ತಮಾಷೆಗೆ ನನ್ನನ್ನು ಅಯ್ನೋರೇ ಎಂದು ಕರೆಯುತ್ತಿದ್ದರು. ಅವರು ಬಸ್ಸಿನ ಕೆಳಗೆ ಹೋಗುವುದೆಂದರೆ ನಮಗೆಲ್ಲ ಒಂದು ದೊಡ್ಡ ತಲೆನೋವು. ಮೊದಲು ಸಮ ನೆಲ ಹುಡುಕಬೇಕು. ಗೇರಿನಲ್ಲಿ ನಿಲ್ಲಿಸಬೇಕು. ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಡಬೇಕು. ಜನರನ್ನೆಲ್ಲ ಇಳಿಸಬೇಕು, ಮೇಲಿನ ಲಗೇಜನ್ನೂ ಇಳಿಸಬೇಕು. ಜಾಕಿಯ ಕೆಳಗೆ ಹಲಗೆ ಇಟ್ಟು, ಬಸ್ಸನ್ನು ನಾಲ್ಕು ಬೆರಳಷ್ಟು ಎತ್ತಿ, ಚಾಸಿಯ ಕೆಳಗೆ ಹುಣಸೆ ಮರದ ದಿಮ್ಮಿಯೊಂದನ್ನು ತಳ್ಳುತ್ತಿದ್ದರು. ಮತ್ತೆ ನಾಲ್ಕು ಬೆರಳು, ಮತ್ತೊಂದು ದಿಮ್ಮಿ. ಭಾರವೆಲ್ಲ ಮರದ ಮೇಲೆ ಕೂತ ಮೇಲೆ ಹೆಗಲು ಕೊಟ್ಟು ಬಸ್ಸನ್ನು ಜೋರಾಗಿ ನೂಕಿ ನೋಡುತ್ತಿದ್ದರು. ಆಮೇಲೂ ತಕ್ಷಣ ಒಳಗೆ ಹೋಗುತ್ತಿರಲಿಲ್ಲ. ಒಂದು ಬೀಡಿ ಮುಗಿಯುವವರೆಗೆ ಆ ದಿಮ್ಮಿಗಳನ್ನೇ ನೋಡುತ್ತಾ ನಿಲ್ಲುತ್ತಿದ್ದರು.

ಇಷ್ಟೆಲ್ಲ ಯಾಕೆ ಎಂದು ನಾನೊಮ್ಮೆ ಕೇಳಿದ್ದೆ.

"ಜಾಕಿ ಇರೋದು ಎತ್ತಕ್ಕೆ ಅಯ್ನೋರೇ, ಹೊತ್ಕೊಂಡಿರಕ್ಕಲ್ಲ" ಎಂದರು. "ಚಕ್ರ ಬಿಚ್ಚೋದಾದ್ರೆ ಹೆಂಗೋ ಆಯ್ತದೆ. ಅಚ್ಚಿನ ಮೇಲಿರೋ ಕಮಾನು, ಆ ಸ್ಪ್ರಿಂಗ್ ಪಟ್ಟಿ, ಬಿಚ್ಚಿದ್ರೆ ಬಸ್ಸಿನ ಮೈ ಹಿಡ್ಕಳಕ್ಕೆ ಏನೂ ಇರಾಕಿಲ್ಲ. ಸೀದಾ ಕೂತ್ಬಿಡ್ತದೆ."

ನನಗೆ ಅದು ನಗುವ ವಿಷಯವಾಗಿತ್ತು. ಬೇಲೂರಿನ ಹೋಟೆಲಿನಲ್ಲಿ ನಾನು ಅವರಂತೆಯೇ ಬಾಗಿಲಿಗೆ ಹೆಗಲು ಕೊಟ್ಟು ನೂಕಿ, ಇಲ್ಲದ ಬೀಡಿ ಹಚ್ಚಿ, ಗಂಭೀರವಾಗಿ ನೆಲ ನೋಡುತ್ತಾ ನಿಂತರೆ ನಮ್ಮ ಡ್ರೈವರು ಕಾಫಿ ನೆತ್ತಿಗೇರುವಷ್ಟು ನಗುತ್ತಿದ್ದ. ಒಂದು ಸಲ ಮೇಸ್ತ್ರಿ ಹಿಂದೆಯೇ ನಿಂತು ಅದನ್ನು ನೋಡಿದರು. ಹೋಗಿ ಬೆಂಚಿನ ಮೇಲೆ ಕೂತು ಇಡ್ಲಿ ಹೇಳಿದರು.

ದಿಮ್ಮಿಗಳು ಬಸ್ಸಿನ ಹಿಂದಿನ ಸೀಟಿನ ಕೆಳಗೆ ಇರುತ್ತಿದ್ದವು. ಕಂಪನಿಯ ಯಜಮಾನರ ಭಾಮೈದ ಮ್ಯಾನೇಜರಾಗಿ ಬಂದ ಮೇಲೆ ಆ ಜಾಗವೂ ಕೊಬ್ಬರಿ ಚೀಲಕ್ಕೆ ಬೇಕಾಯಿತು. ದಿಮ್ಮಿ ಷೆಡ್ಡಿನಲ್ಲಿರಲಿ, ದಾರಿಯಲ್ಲಿ ಚಕ್ರ ಬದಲಿಸಲು ಜಾಕಿಯೊಂದು ಸಾಕು ಎಂದು ಅವರು ಅಪ್ಪಣೆ ಮಾಡಿದರು. ಮೇಸ್ತ್ರಿ ಎರಡು ದಿನ ವಾದ ಮಾಡಿ ಸುಮ್ಮನಾದರು. ದಿಮ್ಮಿಗಳನ್ನು ಹೊತ್ತು ಷೆಡ್ಡಿನ ಮೂಲೆಗೆ ಹಾಕಿದವನು ನಾನೇ.

ಅದಾಗಿ ಕೆಲವು ತಿಂಗಳಿಗೆ ಯಜಮಾನರ ಬೀಗರು ಬಂದರು. ಮಗಳನ್ನು ಕೊಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ಅಳಿಯನ ತಂದೆ, ತಾಯಿ, ಸೋದರತ್ತೆ, ಒಬ್ಬರು ಅಜ್ಜಿ. ಬೇಲೂರಿನಲ್ಲಿ ಅವರ ಹೆಸರಿನಲ್ಲಿ ಪೂಜೆಗೆ ಹೇಳಿಯಾಗಿತ್ತು. ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕುವುದರೊಳಗೆ ತಲುಪಬೇಕು. ನಮ್ಮ ಬಸ್ಸಿನ ಮುಂದಿನ ಸೀಟುಗಳಲ್ಲಿ ಜಮಖಾನ ಹಾಸಿ ಅವರನ್ನು ಕೂರಿಸಿದರು. ಮ್ಯಾನೇಜರು ಜೊತೆಗೆ ಹೊರಟರು. ಎಡಗಡೆಯ ಹಿಂದಿನ ಕಮಾನು ನರಳುತ್ತಿದೆ ಎಂದು ಮೇಸ್ತ್ರಿ ವಾರದಿಂದ ಹೇಳುತ್ತಿದ್ದರು. ಅದನ್ನು ಬದಲಿಸುವ ಬದಲು ಒಂದು ಹೊಸ ಪಟ್ಟಿಯನ್ನೂ ಮೇಸ್ತ್ರಿಯನ್ನೂ ಬಸ್ಸಿಗೆ ಹತ್ತಿಸಿದರು.

ಹಳೇಬೀಡು ಇನ್ನೇನು ಬಂತು ಎನ್ನುವಾಗ ಕಮಾನಿನ ದೊಡ್ಡ ಪಟ್ಟಿ ತುಂಡಾಯಿತು. ಬಸ್ಸು ಎಡಕ್ಕೆ ವಾಲಿಕೊಂಡು ನಿಂತಿತು. ಮೇಸ್ತ್ರಿ ಬಗ್ಗಿ ನೋಡಿ, ಹಳೇಬೀಡಿಗೆ ಯಾರನ್ನಾದರೂ ಕಳಿಸಿ ಮರದ ತುಂಡು ತರಿಸಿ ಎಂದರು. ಮ್ಯಾನೇಜರು ಗಡಿಯಾರ ನೋಡಿಕೊಂಡು, ಕಲ್ಲಿಗೇನು ಬರವೇ ಇಲ್ಲಿ ಎಂದು ಕೇಳಿದರು. ಮರವಿಲ್ಲದೆ ಕಮಾನು ಬಿಚ್ಚುವುದಿಲ್ಲ ಎಂದು ಮೇಸ್ತ್ರಿ ಹೇಳಿದಾಗ ಅವರು ದನಿ ಏರಿಸಲಿಲ್ಲ. ಬೀಗರಿಗೆ ಕೇಳಿಸದ ಹಾಗೆ, ಹಾಗಾದರೆ ನಾಳೆಯಿಂದ ಷೆಡ್ಡಿಗೆ ಬರುವುದು ಬೇಡ ಎಂದರು. ಮೇಸ್ತ್ರಿಗೆ ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳಿದ್ದರು.

ಕಲ್ಲು ತರಲು ಹೋದವನು ನಾನು. ದೂರದಲ್ಲಿ, ಹುಲಿಕೆರೆ ಕಡೆಗೆ ತಿರುಗುವಲ್ಲಿ, ಗಟ್ಟಿ ಕರಿಕಲ್ಲುಗಳು ಬಿದ್ದಿದ್ದು ಕಾಣುತ್ತಿತ್ತು. ಹತ್ತಿರದ ಹೊಲದ ಬದುವಿನಲ್ಲಿ ಚಪ್ಪಟೆಯಾದ ನಾಲ್ಕು ಕಲ್ಲು ಸಿಕ್ಕವು. ಬಿಸಿಲು ಜೋರಾಗಿತ್ತು. ಹತ್ತಿರದ್ದನ್ನೇ ಹೊತ್ತು ತಂದೆ. ಮೇಸ್ತ್ರಿ ಸ್ಪಾನರಿನ ತುದಿಯಿಂದ ಗೀಚಿದರು. ಬಿಳಿ ಗೆರೆ ಮೂಡಿತು.

"ಇದು ಬಳಪದ ಕಲ್ಲು ಅಯ್ನೋರೇ. ಗೊಂಬೆ ಕೆತ್ತಕ್ಕೆ ಸೈ. ಬೇರೆ ಇರ್ಲಿಲ್ವಾ?"

ಇರಲಿಲ್ಲ ಎಂದೆ.

ಉಳಿದ ಪ್ರಯಾಣಿಕರು ಇಳಿದು ಹುಣಸೆ ಮರದ ನೆರಳಿಗೆ ಹೋಗಿದ್ದರು. ಮೇಸ್ತ್ರಿ ಆಗಲೇ ಹಿಂದಿನ ಚಕ್ರದ ಬಳಿ ಕೂತು ಕಲ್ಲು ಜೋಡಿಸುತ್ತಿದ್ದರು. ಮುಂದಿರುವವರನ್ನೂ ಇಳಿಸಿ ಎಂದು ನನಗೆ ಹೇಳಿದರು. ನಾನು ಬಸ್ಸು ಹತ್ತಿದೆ. ಅಜ್ಜಿ ಸೀಟಿನ ಮೇಲೆ ಕಾಲು ಮಡಿಸಿ ಕೂತು ಕಿತ್ತಳೆ ಸುಲಿಯುತ್ತಿದ್ದರು. ಸ್ವಲ್ಪ ಇಳಿಯಬೇಕಾಗುತ್ತದೆ ಎಂದು ನಾನು ಎಷ್ಟು ಮೆಲ್ಲಗೆ ಹೇಳಿದೆನೆಂದರೆ ನನಗೇ ಅದು ಸರಿಯಾಗಿ ಕೇಳಿಸಲಿಲ್ಲ. ಅಳಿಯನ ತಾಯಿ ಮ್ಯಾನೇಜರ ಮುಖ ನೋಡಿದರು. ಮ್ಯಾನೇಜರು ಕೈಮುಗಿದು, ಈ ಬಿಸಿಲಿನಲ್ಲಿ ನೀವು ಇಳಿಯುವುದೆಂದರೇನು, ಕೂತಿರಿ ಎಂದರು. ನಾನು ಇಳಿದು ಹಿಂದಕ್ಕೆ ಬಂದೆ.

"ಎಲ್ಲಾ ಇಳಿದ್ರಾ?"

"ಹೂಂ" ಎಂದೆ.

ಅದೊಂದು ಮಾತನ್ನು ಯಾಕೆ ಆಡಿದೆ ಎಂದು ಈಗಲೂ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಇಲ್ಲ ಎಂದಿದ್ದರೆ ಮೇಸ್ತ್ರಿ ಕೆಲಸ ನಿಲ್ಲಿಸುತ್ತಿದ್ದರು, ಮ್ಯಾನೇಜರು ನನ್ನ ಕಡೆ ತಿರುಗುತ್ತಿದ್ದರು. ಅಷ್ಟನ್ನು ತಪ್ಪಿಸಿಕೊಳ್ಳಲು ನನಗೆ ಒಂದೇ ಅಕ್ಷರ ಸಾಕಾಯಿತು. ಬಸ್ಸು ಎತ್ತರ, ಬೀಗರು ಮುಂದೆ ಬಲಗಡೆ. ಕೆಳಗೆ ಕೂತವರಿಗೆ ಅವರು ಕಾಣುತ್ತಿರಲಿಲ್ಲ.

ಮೇಸ್ತ್ರಿ ಭಾರವನ್ನು ಕಲ್ಲಿನ ಮೇಲೆ ಕೂರಿಸಿದರು. ಹೆಗಲು ಕೊಟ್ಟು ನೂಕಿದರು. ಬೀಡಿ ತೆಗೆದಾಗ ಮ್ಯಾನೇಜರು ಬಸ್ಸಿನಿಂದ ಇಳಿದು ಬಂದು, ಇನ್ನೂ ಶುರು ಮಾಡಿಲ್ಲವೇ ಎಂದರು. ಬೀಡಿ ಜೇಬಿಗೆ ಹೋಯಿತು.

ಬೋಲ್ಟುಗಳನ್ನು ಬಿಚ್ಚಿ, ಮುರಿದ ಪಟ್ಟಿಯನ್ನು ಎಳೆಯಲು ಅವರು ಬಲಗೈಯನ್ನು ಚಾಸಿಗೂ ಅಚ್ಚಿಗೂ ನಡುವೆ ಹಾಕಿದ್ದರು. ಯಾಕಿಷ್ಟು ತಡ ಎಂದು ನೋಡಲು ಅಳಿಯನ ತಂದೆಯೂ ಸೋದರತ್ತೆಯೂ ಎದ್ದು ಎಡಗಡೆಯ ಕಿಟಕಿಗೆ ಬಂದರು. ಬಸ್ಸು ಸ್ವಲ್ಪ ಅಲುಗಿತು, ಅಷ್ಟೇ. ಹಂಚು ಒಡೆದಂಥ ಸದ್ದಾಯಿತು. ಕಲ್ಲು ಎರಡು ಹೋಳಾಗಿ ಬಸ್ಸಿನ ಮೈ ಕೂತುಬಿಟ್ಟಿತು.

ಮೇಸ್ತ್ರಿ ಕೂಗಲಿಲ್ಲ. ಜಾಕಿ, ಜಾಕಿ ಎಂದು ಎರಡು ಸಲ ಹೇಳಿದರು. ಜಾಕಿ ಬಸ್ಸಿನ ಅಡಿಗೆ ಸಿಕ್ಕಿಕೊಂಡಿತ್ತು. ಮರದ ಕೆಳಗಿದ್ದ ಗಂಡಸರೆಲ್ಲ ಓಡಿ ಬಂದು ಹೆಗಲು ಕೊಟ್ಟು ಎತ್ತಿದರು. ಆಗ ಬೀಗರು ನಾಲ್ವರೂ ಇಳಿದರು. ಅಜ್ಜಿಯನ್ನು ಮ್ಯಾನೇಜರೇ ಕೈಹಿಡಿದು ಇಳಿಸಿದರು.

ಹಳೇಬೀಡಿನ ಜೈನ ವ್ಯಾಪಾರಿಯೊಬ್ಬರು ಬಸದಿಗೆ ಬಂದವರನ್ನು ಬಿಟ್ಟು ಕಾರಿನಲ್ಲಿ ಆ ದಾರಿಯಲ್ಲಿ ಬಂದರು. ಯಾರೂ ಕೇಳುವ ಮುಂಚೆಯೇ ಹಿಂದಿನ ಸೀಟಿಗೆ ತಮ್ಮ ಬಿಳಿ ಉತ್ತರೀಯ ಹಾಸಿದರು. ಡ್ರೈವರು ಜೊತೆಗೆ ಹೋದ. ನಾನು ಹೋಗಲಿಲ್ಲ. ಪ್ರಯಾಣಿಕರನ್ನು ಬೇರೆ ಬಸ್ಸಿಗೆ ಹತ್ತಿಸುವುದು ನನ್ನ ಕೆಲಸವಾಗಿತ್ತು. ಹಾಸನದ ಆಸ್ಪತ್ರೆಯಲ್ಲಿ ಮೊಣಕೈ ಮೇಲಿನವರೆಗೆ ಕೈ ತೆಗೆದರು.

ಮೂರನೆಯ ದಿನ ಮ್ಯಾನೇಜರು ನನ್ನನ್ನು ಕರೆದು, ನಿಮ್ಮ ಅಕ್ಷರ ಚೆನ್ನಾಗಿದೆ, ಅಪಘಾತದ ಹೇಳಿಕೆ ನೀವೇ ಬರೆಯಿರಿ ಎಂದರು. ಏನು ಬರೆಯಬೇಕೆಂದು ಅವರೇನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ವಾಹನವು ಖಾಲಿಯಾಗಿತ್ತೆಂದೂ, ಸದರಿ ಮೇಸ್ತ್ರಿಯು ತಾನೇ ಆರಿಸಿದ ಕಲ್ಲುಗಳನ್ನು ಅಜಾಗರೂಕತೆಯಿಂದ ಜೋಡಿಸಿದನೆಂದೂ ಬರೆದೆ. ಅವರನ್ನು ನಾನು ಏಕವಚನದಲ್ಲಿ ಕರೆದದ್ದು ಆ ಕಾಗದದಲ್ಲಿ ಮಾತ್ರ. ಕೆಳಗೆ ಸಹಿ ಹಾಕಿದೆ. ಅದರ ನಕಲು ಕಳಿಸಿ ಮೇಸ್ತ್ರಿಯನ್ನು ಕೆಲಸದಿಂದ ತೆಗೆದರು. ಆ ವರ್ಷವೇ ನನಗೆ ಬಡ್ತಿ ಕೊಟ್ಟು ಟಿಕೆಟ್ ಚೆಕಿಂಗಿಗೆ ಹಾಕಿದರು. ಆಸ್ಪತ್ರೆಯ ಗೇಟಿನವರೆಗೆ ಒಂದು ಸಲ ಹೋಗಿ, ಒಳಗೆ ಹೋಗದೆ ವಾಪಸು ಬಂದಿದ್ದೆ.

ನಾಲ್ಕು ವರ್ಷವಾದ ಮೇಲೆ ಕಣಕಟ್ಟೆಗೆ ಹೋದೆ. ಮೇಸ್ತ್ರಿ ಹೆಂಡತಿಯ ಊರಿನಲ್ಲಿ, ಯಾರದೋ ತೆಂಗಿನ ತೋಟ ಕಾಯುತ್ತಿದ್ದರು. ಅಂಗಿಯ ಬಲತೋಳನ್ನು ಮಡಿಸಿ ಹೊಲಿದಿದ್ದರು. ನನ್ನನ್ನು ಕಂಡು ಆಶ್ಚರ್ಯಪಡಲಿಲ್ಲ. ಕೂತುಕೊಳ್ಳಿ ಎಂದರು. ಹುಡುಗಿಯರ ವಿಷಯ ಕೇಳಿದೆ. ದೊಡ್ಡವಳದು ಆಯಿತು, ಚಿಕ್ಕವಳದು ಇನ್ನೂ ಇಲ್ಲ ಎಂದರು.

"ನೀವು ಬರೆದಿದ್ದನ್ನ ಸ್ಕೂಲ್ ಮೇಷ್ಟ್ರ ಕೈಲಿ ಓದಿಸಿದೆ" ಎಂದು ಅವರೇ ಶುರು ಮಾಡಿದರು. "ಕನ್ನಡ ಬಾಳ ಚೆನ್ನಾಗಿ ಬರೀತೀರ ಅಯ್ನೋರೇ."

ಬೀಗರು ಒಳಗೇ ಕೂತಿದ್ದರು, ಗೊತ್ತಿದ್ದೂ ಹೂಂ ಎಂದೆ, ತಪ್ಪಾಯಿತು, ಕ್ಷಮಿಸಿ ಎಂದೆ. ಇದನ್ನು ಹೇಳಲು ದಾರಿಯುದ್ದಕ್ಕೂ ಎಷ್ಟೋ ಮಾತು ಜೋಡಿಸಿಕೊಂಡು ಬಂದಿದ್ದೆ. ಆಡಿದಾಗ ಅಷ್ಟೇ ಆಯಿತು.

ಅವರು ತೋಟದ ಕಡೆ ನೋಡುತ್ತಾ ಕೂತಿದ್ದರು. "ಒಳಗೆ ಜನ ಇದ್ರು ಅಂತ ಅವತ್ತೇ ಗೊತ್ತಾಯ್ತು, ಇಳಿದು ಬಂದು ನನ್ನ ಸುತ್ತ ನಿಂತಿದ್ರಲ್ಲ" ಎಂದರು. ನನ್ನ ಕಡೆ ತಿರುಗಿ, "ಕ್ಷಮಿಸಿದೀನಿ ಅಂದ್ರೆ ನಿಮಗೆ ನಿದ್ದೆ ಬತ್ತದೆ. ನನಗೇನು ಬತ್ತದೆ?" ಎಂದರು.

ಸಿಟ್ಟಿನಿಂದ ಕೇಳಿದ್ದಲ್ಲ. ಉತ್ತರಕ್ಕಾಗಿ ನಿಜವಾಗಿಯೂ ಕಾದರು. ಆಮೇಲೆ ಎದ್ದು, ಗುದ್ದಲಿಯನ್ನು ಎಡಗಂಕುಳಿಗೆ ಸಿಕ್ಕಿಸಿಕೊಂಡು ನೀರು ತಿರುಗಿಸಲು ಹೊರಟುಹೋದರು. ನಾನು ಅಂಗಳದಲ್ಲಿ ನಿಂತೇ ಇದ್ದೆ. ಅವರ ಹೆಂಡತಿ ಬಾಗಿಲಿಗೆ ಬಂದು, ಅರಸೀಕೆರೆ ಬಸ್ಸು ಐದಕ್ಕೆ, ಅದು ಬಿಟ್ಟರೆ ಇವತ್ತು ಬೇರೆ ಇಲ್ಲ ಎಂದು ಹೇಳಿ ಒಳಗೆ ಹೋದರು.