ಬಾಯೀಜಿ

ನಮ್ಮ ಮನೆಯಲ್ಲಿ ಹಿಂದಿ ಎಂದರೆ ನನ್ನ ಸ್ವತ್ತು. ಶಹಾಬಾದದಲ್ಲಿ ದಖನಿ ಹಿಂದಿ ಮಾತಾಡುವವರ ಓಣಿಯಲ್ಲಿ ಬೆಳೆದವಳು ನಾನು. ಮದುವೆಯಾಗಿ ವಾಡಿಗೆ ಬಂದ ಮೇಲೆ ಕಂಬಳಿ ಮಾರುವವನು ಬರಲಿ, ಮಿಕ್ಸರ್ ರಿಪೇರಿಯವನು ಬರಲಿ, ಅತ್ತೆ ಕರೆಯುವುದು ನನ್ನನ್ನೇ. ಮೈದುನನ ಹೆಂಡತಿ, ನನ್ನ ನೆಗೆಣ್ಣಿ, ಚಿಂಚೋಳಿ ಕಡೆಯವಳು. ಕನ್ನಡದಲ್ಲಿ ಶುರು ಮಾಡಿದ್ದನ್ನು ತೆಲುಗಿನಲ್ಲಿ ಮುಗಿಸುತ್ತಾಳೆ. ಹಿಂದಿಯಲ್ಲಿ ಅವಳಿಗೆ ಬರುತ್ತಿದ್ದುದು ಬೆಲೆ ಕೇಳುವ ‘ಕಿತನಾ’ ಒಂದೇ. ಅದಕ್ಕೆ ಬಂದ ಉತ್ತರ ತಿಳಿಯುತ್ತಿರಲಿಲ್ಲ.

ಪಕ್ಕದ ಮನೆಗೆ ಬಿಹಾರದವಳೊಬ್ಬಳು ಬಂದಳು. ಗಂಡನಿಗೆ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ. ನನ್ನದೇ ವಯಸ್ಸು, ನನ್ನ ಹಾಗೆಯೇ ಮಧ್ಯಾಹ್ನ ಹೊಲಿಗೆ ಮಷೀನು ತುಳಿಯುವವಳು. ಇಷ್ಟು ವರ್ಷವಾದರೂ ಈ ಓಣಿಯಲ್ಲಿ ನನಗೆ ಗೆಳತಿ ಎಂಬುವವಳಿರಲಿಲ್ಲ. ಇವಳು ನನ್ನವಳು ಎಂದು ಅವತ್ತೇ ಗೊತ್ತು ಮಾಡಿಕೊಂಡೆ.

ನಮ್ಮ ಕಡೆ ಮರ್ಯಾದೆಯ ಹೆಣ್ಣುಮಗಳಿಗೆ ‘ಬಾಯಿ’ ಎನ್ನುತ್ತೇವೆ. ಶಾಲೆಯ ಟೀಚರೂ ಬಾಯಾರು, ದವಾಖಾನೆಯ ನರ್ಸೂ ಬಾಯಾರು. ಮೊದಲನೇ ದಿನ ಅವಳು ನಮ್ಮ ಬಾಗಿಲಿಗೆ ಬಂದಾಗ, ಹಿಂದಿಯವಳಲ್ಲವೇ, ಇನ್ನಷ್ಟು ಮರ್ಯಾದೆ ಇರಲಿ ಎಂದು ನಾನು ‘ಜೀ’ ಸೇರಿಸಿ, “ಆಯಿಯೇ ಬಾಯೀಜಿ, ಬೈಠಿಯೇ” ಎಂದೆ. ಅವಳು ಹೊಸ್ತಿಲಲ್ಲೇ ನಿಂತಳು. ಒಲೆಯ ಮೇಲೆ ಏನೋ ಇದೆ ಎಂದು ಹೇಳಿ ಹೊರಟೇಬಿಟ್ಟಳು. ಆಮೇಲೆ ನಳದ ಹತ್ತಿರ ಸಿಕ್ಕರೂ ಅವಳ ಕಣ್ಣು ಕೊಡದ ಕಡೆಗೇ. ಇಷ್ಟು ಸೊಕ್ಕು ಯಾಕಪ್ಪ ಅನ್ನಿಸಿತು.

ನೆಗೆಣ್ಣಿ ಮಾತ್ರ ಎರಡು ಬಿಸಿ ರೊಟ್ಟಿ ಸೆರಗಿನಲ್ಲಿ ಮುಚ್ಚಿಕೊಂಡು ನೆಟ್ಟಗೆ ಅವಳ ಅಡುಗೆಮನೆಗೇ ನುಗ್ಗಿದಳು. ತೆಲುಗಿನಲ್ಲಿ ಏನೋ ಕೇಳಿದಳಂತೆ, ಅವಳು ಭೋಜಪುರಿಯಲ್ಲಿ ಏನೋ ಹೇಳಿದಳಂತೆ. ತಿಳಿಯದಿದ್ದಾಗ ಕೈ ಹಿಡಿದು ತೋರಿಸುವುದು, ಅದೂ ಆಗದಿದ್ದರೆ ನಗುವುದು. ನಾನು ಇತ್ತ ಬ್ಲೌಸಿಗೆ ಕಾಜಾ ಹಾಕುತ್ತ ಗೋಡೆಯಾಚೆಯ ನಗೆ ಕೇಳುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಗಾದೆ ಮಾಡಿದವರು ನಮ್ಮ ಮನೆ ನೋಡಿರಲಿಕ್ಕಿಲ್ಲ. ನನಗೆ ಬಂದ ಭಾಷೆಯಲ್ಲಿ ನನಗೆ ಗೆಳತಿಯಿಲ್ಲ, ಬಾರದವಳಿಗೆ ದಿನಾ ಚಹಾ.

ಒಂದು ಸಂಜೆ ನೆಗೆಣ್ಣಿ ನಗುತ್ತಲೇ ಒಳಗೆ ಬಂದು, ಸೊಂಟದ ಮೇಲೆ ಕೈಯಿಟ್ಟು ಅತ್ತೆಯ ಮುಂದೆ ಒಂದು ಸುತ್ತು ಕುಣಿದಳು. ಪಕ್ಕದವಳು ಹೀಗೇ ಕುಣಿದು ತೋರಿಸಿದಳಂತೆ.

“ಅವರ ಊರಾಗ ಬಾಯೀಜಿ ಅಂದ್ರ ರೊಕ್ಕಕ್ಕ ನಾಚ್ ಮಾಡಾಕಿ ಅಂತ. ಅಕ್ಕ ಮೊದಲ್ನೇ ದಿನಾನೇ ಆಕಿಗಿ ಹಂಗ ಅಂದಾಳ ನೋಡ್ರಿ.”

ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಗು ನಿಂತ ಮೇಲೆ ನನ್ನ ಕಡೆ ತಿರುಗಿ, “ಹಿಂದಿ ಬರ್ತದ ಖರೆ, ಮಾತಾಡಾಕ ಬರಂಗಿಲ್ಲ ನಿನಗ” ಎಂದರು.

ನಾನು ಆಗಲೇ ಚಪ್ಪಲಿ ಮೆಟ್ಟಿ ಪಕ್ಕದ ಮನೆಗೆ ಹೋದೆ. ಬಾಯಿ ಎಂದರೆ ನಮ್ಮಲ್ಲಿ ಏನು, ಯಾರು ಯಾರಿಗೆ ಅನ್ನುತ್ತಾರೆ, ಎಲ್ಲವನ್ನೂ ನನ್ನ ಚೊಕ್ಕ ಹಿಂದಿಯಲ್ಲಿ ಬಿಡಿಸಿ ಹೇಳಿದೆ. ಅವಳು ಹಣೆ ಚಚ್ಚಿಕೊಂಡು ನಕ್ಕಳು, ನನ್ನ ಕೈ ಹಿಡಿದುಕೊಂಡಳು. ಇನ್ನು ಇವಳು ನನ್ನವಳೇ ಎಂದು ಎದೆ ಹಗುರಾಯಿತು. ಅವಳಿಗೆ ಕನ್ನಡ ಕಲಿಸುವುದನ್ನೂ ನಾನೇ ವಹಿಸಿಕೊಂಡೆ. ‘ಬಾ’ ಎನ್ನಬಾರದು, ‘ಬರ್ರಿ’ ಎನ್ನಬೇಕು. ಕೊನೆಗೆ ‘ರಿ’ ಬಿದ್ದರೇನೇ ಚೆಂದ ಎಂದು ತಿದ್ದಿ ತಿದ್ದಿ ಹೇಳಿದೆ. ಜಾಣೆ, ಬೇಗ ಕಲಿತಳು.

ಮೊನ್ನೆ ಅವಳ ಮಗಳ ಹುಟ್ಟುಹಬ್ಬ. ನಾನು ಫ್ರಾಕು ಹೊಲಿದುಕೊಂಡು ಹೇಳಿದ ಹೊತ್ತಿಗೇ ಹೋದೆ. ಬಾಗಿಲಿಗೆ ಬಂದು ಕೈ ಮುಗಿದಳು. “ಬರ್ರಿ ಬಾಯಾರ, ಕುಂದರ್ರಿ” ಎಂದು ಕುರ್ಚಿ ಎಳೆದು, ಸೆರಗಿನಿಂದ ಒರೆಸಿ ಕೊಟ್ಟಳು. ನಾನು ಕಲಿಸಿದ ಕನ್ನಡ, ಒಂದಕ್ಷರ ತಪ್ಪಿಲ್ಲ.

ಎಷ್ಟೋ ಹೊತ್ತಿನ ಮೇಲೆ ನೆಗೆಣ್ಣಿ ಬರಿಗೈಯಲ್ಲಿ ಬಂದಳು. ಒಳಗಿನಿಂದಲೇ ಪಕ್ಕದವಳು ಕೂಗಿದಳು:

“ಎಲ್ಲಿ ಸತ್ತಿದ್ದಿ? ಬಾ ಒಳಗ, ಪೂರಿ ಲಟ್ಟಸು.”

ನೆಗೆಣ್ಣಿ ಒಳಗೆ ಹೋದಳು. ನಾನು ಕುರ್ಚಿಯ ಮೇಲೆ ಕುಳಿತಿದ್ದೆ.