ಮಂಚದಂಗಡಿಯ ಹಿತ್ತಲಲ್ಲೊಂದು ಒಲೆ

ರಾಯಚೂರಿನ ಕೋಟೆ ಗೋಡೆಯ ಮೇಲೆ ಇನ್ನೂ ಬೆಳಕು ಬಿದ್ದಿಲ್ಲ. ತೀನ್ ಕಂದಿಲ್ ಸರ್ಕಲ್‌ನಿಂದ ಸ್ವಲ್ಪ ಒಳಗಿರುವ ಸತ್ತಾರ್ ಸಾಬರ ಮಂಚದಂಗಡಿಯ ಮುಂಬಾಗಿಲಿಗೆ ಹಾಕಿದ ಬೀಗ ಹಾಕಿದಂತೆಯೇ ಇದೆ. ಹಿತ್ತಲಲ್ಲಿ ಮಾತ್ರ ಪಟಪಟ ಸಪ್ಪಳ ಶುರುವಾಗಿದೆ. ಬಂಡೆಮ್ಮ ಜೋಳದ ರೊಟ್ಟಿ ತಟ್ಟುತ್ತಿದ್ದಾರೆ. ಒಲೆಗೆ ಹಾಕುವುದು ಸಾಗುವಾನಿ ಮರಕ್ಕೆ ಹತ್ತರಿ ಹೊಡೆದು ನುಣುಪು ಮಾಡುವಾಗ ಉದುರಿದ ಸಿಪ್ಪೆ. ಒಂದು ಹಿಡಿ ಹಾಕಿದರೆ ಭಗ್ಗನೆ ಉರಿದು ಅಷ್ಟೇ ಬೇಗ ಬೂದಿಯಾಗುತ್ತದೆ. ಹಾಗಾಗಿ ಬಲಗೈ ಹಿಟ್ಟಿನ ಮೇಲಿದ್ದರೆ ಎಡಗೈ ಸಿಪ್ಪೆಯ ಬುಟ್ಟಿಯಲ್ಲಿರುತ್ತದೆ.

ಅವಸರಕ್ಕೆ ಕಾರಣವಿದೆ. ಬಿಸಿಲೇರಿದ ಕೂಡಲೇ ಬಡಗಿ ಅಂಬಣ್ಣ ಅರಗು, ಸ್ಪಿರಿಟ್ ಕಲಸಿದ ಪಾಲಿಶಿನ ಬಾಟಲಿ ಬಿಚ್ಚುತ್ತಾನೆ. ಅಷ್ಟರೊಳಗೆ ಒಲೆ ಆರಿರಬೇಕು ಎಂಬುದು ಸತ್ತಾರ್ ಸಾಬರು ಮೊದಲ ದಿನವೇ ಹಾಕಿದ ಷರತ್ತು. "ಒಂದು ಕಿಡಿ ಹಾರ್ತಂದ್ರ ಮಂಚ, ಕುರ್ಚಿ, ನಾನು, ಸಾಬ್ರು ಎಲ್ಲಾ ಒಮ್ಮೆಲೆ ಹೋಗ್ತೀವ್ರಿ. ಅದಕ್ಕ ಜಲ್ದಿ ಮಾಡಾಕತ್ತೀನಿ," ಎಂದು ಬಂಡೆಮ್ಮ ರೊಟ್ಟಿ ಮಗುಚಿ ನಗುತ್ತಾರೆ. ಬೇಳೆ, ಪುಂಡಿ ಪಲ್ಯ, ಗೋಧಿ ಹುಗ್ಗಿ ಆಗಲೇ ಇಳಿದು, ಗೋಣಿಚೀಲ ಹೊದ್ದು ಮೂಲೆಯಲ್ಲಿ ಬೆಚ್ಚಗೆ ಕುಳಿತಿವೆ. ಕೊನೆಯ ರೊಟ್ಟಿ ತೆಗೆದು ಒಲೆಗೆ ಒಂದು ಚೊಂಬು ನೀರು ಹೊಯ್ದ ಮೇಲೆಯೇ ಅವರು ಸೆರಗಿನಿಂದ ಮುಖ ಒರೆಸಿಕೊಳ್ಳುವುದು.

ಇದು ಹೋಟೆಲಲ್ಲ, ಖಾನಾವಳಿಯೂ ಅಲ್ಲ. ಮದುವೆಗೆ ಮಂಚ ಕೊಳ್ಳಲು ದೇವದುರ್ಗ, ಮಾನ್ವಿ, ಸಿರವಾರದ ಕಡೆಯಿಂದ ಬರುವವರಿಗೆ ಅಂಗಡಿಯವರೇ ಹಾಕುವ ಊಟ. ಇಂಥ ಊಟ ಹಾಕುವ ಮಂಚದಂಗಡಿ ಊರಲ್ಲಿ ಇನ್ನೊಂದಿಲ್ಲ. ಕೂರುವುದು ಮಾರಾಟವಾಗದೆ ಉಳಿದ ಬೆಂಚುಗಳ ಮೇಲೆ. ಒಂದಕ್ಕೆ ಕಾಲು ಗಿಡ್ಡ, ಇನ್ನೊಂದಕ್ಕೆ ಬೆನ್ನಿಲ್ಲ, ಮೇಜುಗಳೋ ಒಂದರ ಎತ್ತರ ಇನ್ನೊಂದಕ್ಕಿಲ್ಲ. ಆದರೂ ಉಂಡೆದ್ದ ಗಿರಾಕಿಗೆ ಕೆಲವೊಮ್ಮೆ ತಾನು ಉಂಡ ಮೇಜಿನ ಮೇಲೆಯೇ ಮೋಹ ಹುಟ್ಟುತ್ತದೆ. ಹೋದ ವರ್ಷ ಗುಂಜಹಳ್ಳಿಯವರೊಬ್ಬರು ಮಂಚ ಬಿಟ್ಟು ಮೇಜು ಹೊತ್ತುಕೊಂಡು ಹೋದರು. ಆವತ್ತು ಬಂಡೆಮ್ಮ ಉಳಿದವರಿಗೆ ಮರದ ದಿಮ್ಮಿಯ ಮೇಲೆ ಎಲೆ ಹಾಕಿದರು.

ಬಂಡೆಮ್ಮನಿಗೆ ಐವತ್ತರ ಆಸುಪಾಸು. ಊರು ಮಾನ್ವಿ ತಾಲ್ಲೂಕಿನ ಮಲ್ಲಟ, ಕುರಿ ಸಾಕುವ ಮನೆತನ. ಅಣ್ಣತಮ್ಮಂದಿರು ಕುರಿ ಹಂಚಿಕೊಂಡಾಗ ಗಂಡ ಗದ್ದೆಪ್ಪನ ಪಾಲಿಗೆ ಬಂದದ್ದನ್ನು ಮಾರಿ ಇಬ್ಬರೂ ಎಪ್ಪತ್ತೇಳರಲ್ಲಿ, ಎಂಟು ವರ್ಷದ ಹಿಂದೆ, ರಾಯಚೂರಿಗೆ ಬಂದರು. ಕುರಿಗಳ ಹಿಂದೆ ನಡೆದು ಸಾಕಾಗಿದ್ದ ಗದ್ದೆಪ್ಪ ಈಗ ಮಂಚ ಹೇರಿದ ಕೈಗಾಡಿಯ ಹಿಂದೆ ಬಸ್ ನಿಲ್ದಾಣದವರೆಗೆ ನಡೆಯುತ್ತಾರೆ. "ಕುರಿ ಆದ್ರ ಮಾತಾಡ್ತಿದ್ವು," ಎನ್ನುವುದು ಅವರ ಏಕೈಕ ದೂರು.

ಒಲೆ ಹುಟ್ಟಿದ ಕಥೆ ಅದಕ್ಕೂ ಹಿಂದಿನದು. ತಂಗಿಯ ಮದುವೆಗೆ ಮಂಚ ಕೊಳ್ಳಲು ಎಪ್ಪತ್ತನಾಲ್ಕರಲ್ಲಿ ಬಂಡೆಮ್ಮ ಮನೆಯವರ ಜೊತೆ ಇದೇ ಪೇಟೆಗೆ ಬಂದಿದ್ದರು. ಕಟ್ಟಿಕೊಂಡು ಬಂದ ಬುತ್ತಿ ಬಿಸಿಲಿಗೆ ಹಳಸಿತು. ಗಂಡಸರು ಹೋಟೆಲಿಗೆ ಹೋದರು. ಗಂಡಸರೇ ತುಂಬಿದ ಹೋಟೆಲಿನೊಳಗೆ ಹಳ್ಳಿಯ ಹೆಂಗಸರು ಕಾಲಿಡುವ ಮಾತೇ ಇರಲಿಲ್ಲ. ಬಂಡೆಮ್ಮ, ತಾಯಿ, ಚಿಕ್ಕಮ್ಮ ಮೂವರೂ ರಸ್ತೆಯ ತಿರುವಿನಲ್ಲಿ ಮಂಚ ಕಾಯುತ್ತ ನಿಂತರು. ತಾಯಿ ಹಸಿವು ಮರೆಯಲು ಎಲೆ ಅಡಿಕೆ ಜಗಿದರು. "ಗಂಡಸ್ರು ಬಾಯಿ ಒರೆಸ್ಕೋತ ಬಂದು, ನಿಮಗೂ ಕಟ್ಟಿಸ್ಕೊಂಡು ಬರಬೇಕಿತ್ತೇನು ಅಂತ ಕೇಳಿದ್ರು. ನಮ್ಮವ್ವ ಬ್ಯಾಡ ಅಂದ್ಳು. ಮತ್ತೇನಂದಾಳು? ನನಗ ಆ ಸಿಟ್ಟು ಇನ್ನೂ ಆರಿಲ್ರಿ," ಎನ್ನುತ್ತಾರೆ ಬಂಡೆಮ್ಮ. ಹೇಳುವಾಗ ದನಿ ಏರುವುದಿಲ್ಲ, ಕೈಯಲ್ಲಿದ್ದ ಸೌಟು ಮಾತ್ರ ಪಾತ್ರೆಯೊಳಗೆ ಜೋರಾಗಿ ತಿರುಗುತ್ತದೆ.

ನಗರಕ್ಕೆ ಬಂದ ಹೊಸತರಲ್ಲಿ ಒಲೆಗೆ ಸಿಪ್ಪೆ ಆರಿಸಿಕೊಳ್ಳಲು ಅವರು ಸತ್ತಾರ್ ಸಾಬರ ಅಂಗಡಿಗೆ ಬರುತ್ತಿದ್ದರು. ಒಂದು ದಿನ ನೋಡಿದರೆ ಸಾಬರು ತಲೆ ಮೇಲೆ ಕೈ ಹೊತ್ತು ನಿಂತಿದ್ದಾರೆ. ಹೊಸ ಪಾಲಿಶಿನ ಮಂಚದ ಮೇಲೆ ನಾಲ್ಕು ಹೆಂಗಸರು ಬುತ್ತಿ ಬಿಚ್ಚಿದ್ದಾರೆ, ಶೇಂಗಾ ಚಟ್ನಿಯ ಎಣ್ಣೆ ಮಂಚಕ್ಕೆ ಇಳಿದಿದೆ. ಬೈದರೆ ಗಿರಾಕಿ ಹೋಗುತ್ತದೆ, ಬೈಯದಿದ್ದರೆ ಮಂಚ ಹೋಗುತ್ತದೆ. "ಹಿತ್ತಲಾಗ ಜಾಗ ಕೊಡ್ರಿ, ನಾ ಒಲಿ ಹಾಕ್ತೀನಿ," ಎಂದರು ಬಂಡೆಮ್ಮ. ಸಾಬರು ಜೋಳ, ಬೇಳೆ ತರಿಸಿದರು. ಕುರುಬರ ಬಂಡೆಮ್ಮ ಮಾಡಿದ್ದು ಎಂದರೆ ಯಾವ ಮನೆಯವರೂ ಉಣ್ಣಲು ಹಿಂದೆಮುಂದೆ ನೋಡುವುದಿಲ್ಲ ಎಂಬ ಲೆಕ್ಕಾಚಾರವೂ ಅದರಲ್ಲಿತ್ತು. ಆದರೆ ಎಲೆಯ ಮೂಲೆಗೆ ಬೀಳುವ ನಿಂಬೆ ಉಪ್ಪಿನಕಾಯಿ ಸಾಬರ ಹೆಂಡತಿ ಸರ್ವರಿ ಬೇಗಂ ಮನೆಯಿಂದ ಕಳುಹಿಸುವುದು. ಅದನ್ನು ಯಾರು ಹಾಕಿದ್ದೆಂದು ಇಷ್ಟು ವರ್ಷವಾದರೂ ಒಬ್ಬರೂ ಕೇಳಿಲ್ಲ. ಇನ್ನಷ್ಟು ಬಡಿಸಿ ಎಂದು ಮಾತ್ರ ಕೇಳುತ್ತಾರೆ.

ಇಲ್ಲಿಯ ಊಟಕ್ಕೆ ಒಂದು ರೂಢಿಯಿದೆ. ಮಂಚ ಆರಿಸಲು ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಜೊತೆಯಾಗಿಯೇ ಬರುತ್ತಾರೆ, ಕೊಡುವ ತರುವ ಮಾತು ಕೊನೆಗೊಳ್ಳುವುದೂ ಎಷ್ಟೋ ಸಲ ಇಲ್ಲಿಯೇ. ಮಾತು ಮುಗಿದ ಮೇಲೆ ಬೀಗತಿಯರು ಒಬ್ಬರ ಬಾಯಿಗೊಬ್ಬರು ಸಿಹಿ ಇಡಬೇಕು. ಇಟ್ಟರೆ ಮಾತು ಗಟ್ಟಿ, ಮತ್ತೆ ಬಾಯಿ ತೆಗೆಯುವಂತಿಲ್ಲ. ಹಿತ್ತಲಿನಿಂದ ಅಂಗಡಿಯ ಮುಂಭಾಗ ಕಾಣುವುದಿಲ್ಲವಾದ್ದರಿಂದ ಬಂಡೆಮ್ಮ ಕಿವಿಯನ್ನೇ ನಂಬಿದ್ದಾರೆ. ವ್ಯಾಪಾರ ಕುದುರಿತೆಂದರೆ ಅಂಬಣ್ಣ ಕೊಡತಿ, ಅಂದರೆ ಮರದ ಸುತ್ತಿಗೆ, ಹಿಡಿದು ಮಂಚವನ್ನು ಬಡಿದು ಬಿಡಿಸುತ್ತಾನೆ. ಬಿಡಿಸದೆ ಅದು ಗಾಡಿಗೆ ಏರುವುದಿಲ್ಲ. ಕೊಡತಿಯ ಪೆಟ್ಟು ಕೇಳಿದ ಕೂಡಲೇ ಬಂಡೆಮ್ಮ ಹುಗ್ಗಿಯ ಪಾತ್ರೆ ಎತ್ತುತ್ತಾರೆ. ಅದಕ್ಕೆ ಮೊದಲು ಯಾರು ಕೇಳಿದರೂ ಸಿಹಿ ಇಲ್ಲ.

ಇಂಥ ಒಲೆ ಈ ಎಂಬತ್ತೈದರ ಮದುವೆ ಹಂಗಾಮು ಮುಗಿದ ಮೇಲೆ ಉಳಿಯುವುದಿಲ್ಲ ಎಂಬ ಮಾತು ಹುಟ್ಟಿದೆ. ಸಾಬರ ಮಗ ವಲಿ ಪಾಷಾ ಸ್ಟೀಲ್ ಅಲ್ಮಾರಿಯ ವ್ಯಾಪಾರಕ್ಕೆ ಕೈಹಾಕಿದ್ದಾರೆ. ಅವುಗಳನ್ನು ನಿಲ್ಲಿಸಲು ಹಿತ್ತಲು ಬೇಕು. ವಲಿ ಪಾಷಾ ಕೆಟ್ಟ ಮನುಷ್ಯರಲ್ಲ. "ಅವ್ವಾ, ನಿನ್ನ ಪಗಾರ ಕಮ್ಮಿ ಮಾಡೂದಿಲ್ಲ, ಅಂಗಡಿ ಗುಡಿಸಿ ಒರೆಸ್ಕೊಂಡಿರು. ಈಗ ಹೋಟೆಲ್‌ನಾಗೂ ಫ್ಯಾಮಿಲಿ ರೂಮ್ ಮಾಡ್ಯಾರ," ಎಂದು ಸಮಾಧಾನವಾಗಿಯೇ ಹೇಳಿದ್ದಾರೆ. ಬಂಡೆಮ್ಮ ಮಾತ್ರ ಕೇಳಿದವರಿಗೆ, "ಆ ರೂಮಿನ ಪರದೆ ಸರಿಸಿ ಒಳಗ ಹೋಗಾಕ ನಮ್ಮ ಹಳ್ಳಿ ಹೆಣ್ಮಕ್ಕಳಿಗೆ ಎದಿ ಬೇಕಲ್ರಿ. ಹಸಕೊಂಡ ಹೋಗ್ತಾರ," ಎನ್ನುತ್ತಾರೆ. ಹಂಗಾಮು ಮುಗಿಯುತ್ತ ಬಂದಷ್ಟೂ ಅವರಿಗೆ ನಿದ್ದೆ ಕಡಿಮೆಯಾಗಿದೆ.

ಇವತ್ತು ಮೊದಲ ಬಸ್ಸಿಗೆ ಬಂದವರಲ್ಲಿ ಎರಡು ಮನೆಯವರಿದ್ದಾರೆ. ದೇವದುರ್ಗದ ಹನುಮಂತ್ರಾಯ, ಆದೆಮ್ಮ ದಂಪತಿ ಹೆಣ್ಣಿನ ತಂದೆತಾಯಿ. ಮಾನ್ವಿಯ ಪರಮಣ್ಣ, ಬೂದೆಮ್ಮ ಗಂಡಿನ ತಂದೆತಾಯಿ. ಮಂಚ ಬೇಗನೆ ಒಪ್ಪಿಗೆಯಾಗಿದೆ. ಮಂಚದ ಜೊತೆ ಅಲ್ಮಾರಿಯೂ ಬರಬೇಕೆಂದು ಪರಮಣ್ಣ ಪಟ್ಟು ಹಿಡಿದಿದ್ದಾರೆ, ಹನುಮಂತ್ರಾಯ ಕೈಲಾಗದು ಎನ್ನುತ್ತಿದ್ದಾರೆ. ವಲಿ ಪಾಷಾ ನಡುವೆ ನಿಂತು ಅಲ್ಮಾರಿಯ ಬಾಗಿಲು ತೆರೆದು ಮುಚ್ಚಿ ತೋರಿಸುತ್ತಿದ್ದಾರೆ. ಬಿಸಿಲೇರಿದ್ದರಿಂದ ಹೆಂಗಸರು ಹಿತ್ತಲಿಗೆ ಬಂದು ಊಟಕ್ಕೆ ಕುಳಿತಿದ್ದಾರೆ.

ಅಷ್ಟರಲ್ಲಿ ಕೊಡತಿಯ ಪೆಟ್ಟು ಕೇಳುತ್ತದೆ. ಬಂಡೆಮ್ಮ ಹುಗ್ಗಿ ಎತ್ತಿಕೊಂಡು ಬಂದು, "ಮಾತು ಆತು, ತಗೋರಿ," ಎಂದು ಬಡಿಸುತ್ತಾರೆ, ಮೇಲೆ ತುಪ್ಪ ಬಿಡುತ್ತಾರೆ. ಆದೆಮ್ಮನ ಕಣ್ಣು ತುಂಬುತ್ತದೆ. ಬೀಗತಿಯರಿಬ್ಬರೂ ಒಬ್ಬರ ಬಾಯಿಗೊಬ್ಬರು ತುತ್ತು ಇಡುತ್ತಾರೆ.

ತುತ್ತು ಇನ್ನೂ ಬಾಯಲ್ಲಿರುವಾಗಲೇ ಪರಮಣ್ಣ ಹಿತ್ತಲಿಗೆ ಬರುತ್ತಾರೆ, ಮುಖ ಕೆಂಪಾಗಿದೆ. ಹಿಂದೆ ಹನುಮಂತ್ರಾಯ, ಅವರ ಹಿಂದೆ ವಲಿ ಪಾಷಾ. "ಏಳು, ಹೋಗೂಣು. ಅಲ್ಮಾರಿ ಇಲ್ಲಂದ್ರ ಈ ಸಂಬಂಧನ ಬ್ಯಾಡ," ಎಂದು ಹೆಂಡತಿಗೆ ಹೇಳಿದವರು ಎಲೆ ನೋಡಿ ಅಲ್ಲೇ ನಿಲ್ಲುತ್ತಾರೆ. "ಸಿಹಿ ಯಾರು ಬಡಿಸಂದ್ರು?"

ಬಂಡೆಮ್ಮ ಪಾತ್ರೆ ಕೆಳಗಿಟ್ಟು ಪೆಟ್ಟು ಕೇಳಿದ ಕಡೆ ತಿರುಗಿ ನೋಡುತ್ತಾರೆ. ಅಲ್ಮಾರಿಗೆ ಜಾಗ ಮಾಡಲೆಂದು ವಲಿ ಪಾಷಾ ಹೇಳಿದಂತೆ ಅಂಬಣ್ಣ ಪಕ್ಕದ ಚಪ್ಪರದಲ್ಲಿ ಹಳೆಯ ಮಂಚವೊಂದನ್ನು ಬಿಡಿಸುತ್ತಿದ್ದಾನೆ, ಪೆಟ್ಟು ಅದರದು. ಇಷ್ಟು ವರ್ಷದಲ್ಲಿ ಇಂಥದು ಆಗಿರಲಿಲ್ಲ. ಹಂಗಾಮು ಮುಗಿಯುವವರೆಗೂ ಕಾಯಬೇಕಿಲ್ಲ, ಒಲೆ ಇವತ್ತೇ ಹೋಯಿತು ಎಂದು ಅವರಿಗೆ ಖಾತ್ರಿಯಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಂದು ಹುಡುಗಿಯ ಮದುವೆ ತನ್ನ ಕೈಯಿಂದ ಮುರಿದು ಬಿದ್ದೀತೆಂಬ ಹೆದರಿಕೆ. "ತಪ್ಪು ನಂದ್ರೀ ಯಪ್ಪಾ. ಸಪ್ಪಳ ಕೇಳಿ ಬಡಿಸಿಬಿಟ್ಟೆ. ಅವರದೇನೂ ತಪ್ಪಿಲ್ಲ," ಎನ್ನುತ್ತಾರೆ.

ಬೂದೆಮ್ಮ ಅವಸರ ಮಾಡುವುದಿಲ್ಲ. ಬಾಯಲ್ಲಿದ್ದದ್ದನ್ನು ನುಂಗುತ್ತಾರೆ, ಎಲೆಯಲ್ಲಿ ಉಳಿದ ಹುಗ್ಗಿಯನ್ನೂ ಬಳಿದು ತಿನ್ನುತ್ತಾರೆ, ಆಮೇಲೆ ಗಂಡನ ಕಡೆ ತಿರುಗುತ್ತಾರೆ. "ಬೀಗತಿ ಕೈಯಿಂದ ತಿಂದೀನಿ. ಈಗ ಉಗುಳಂತೀಯೇನು? ಆ ಕಬ್ಬಿಣದ ಪೆಟಿಗಿ ನಮ್ಮ ಬಾಗಿಲದಾಗ ಹಿಡಿಯೂದಿಲ್ಲ ಅಂತ ಮನ್ಯಾಗ ಎಷ್ಟು ಸಲ ಹೇಳೀನಿ. ಗ್ವಾಡಿ ಒಡಸ್ತೀಯೇನು? ಮಾತು ಮುಗೀತು. ಕುಂತು ಉಣ್ಣು."

ಪರಮಣ್ಣನಿಗೆ ಹಸಿವೆಯೂ ಆಗಿರಬೇಕು. ಗಿಡ್ಡ ಕಾಲಿನ ಬೆಂಚಿನ ಮೇಲೆ ಕುಳಿತುಕೊಳ್ಳುತ್ತಾರೆ, ಬೆಂಚು ಒಂದು ಕಡೆ ವಾಲುತ್ತದೆ, ಆದೆಮ್ಮ ಸೆರಗಿನ ಮರೆಯಲ್ಲಿ ನಗುತ್ತಾರೆ. ಹನುಮಂತ್ರಾಯ ಬೀಗರ ಪಕ್ಕದಲ್ಲೇ ಕುಳಿತು, ಬಂಡೆಮ್ಮನ ಮುಖ ನೋಡಿ ಸುಮ್ಮನೆ ಕೈಮುಗಿಯುತ್ತಾರೆ.

ಉಳಿದವರು ವಲಿ ಪಾಷಾ. ಮಾರಾಟವಾಗಲಿದ್ದ ಅಲ್ಮಾರಿಯೊಂದು ಹುಗ್ಗಿಯ ದೆಸೆಯಿಂದ ಕೈತಪ್ಪಿದೆ. "ಈ ಒಲಿ ಇರೂತನಕ ನನ್ನ ಅಲ್ಮಾರಿ ಹೋಗೂದಿಲ್ಲ," ಎಂದು ಗೊಣಗುತ್ತಾರೆ. ಕೈತೊಳೆಯುತ್ತಿದ್ದ ಬೂದೆಮ್ಮನ ಕಿವಿಗೆ ಅದು ಬೀಳುತ್ತದೆ. "ತಮ್ಮಾ, ಮಾನ್ವ್ಯಾಗ ಮಂಚ ಮಾಡೋರಿಲ್ಲೇನು? ಇಲ್ಲಿಗಾದ್ರ ಹೆಣ್ಮಕ್ಕಳು ಕುಂತು ಉಣಬಹುದು ಅಂತ ನಾನ ಹಟ ಮಾಡಿ ಇವರನ್ನ ಕರಕೊಂಡು ಬಂದೀನಿ. ಉಣ್ಣಾಕಿಲ್ಲಂದ್ರ ಗಂಡಸರಷ್ಟ ಬರ್ತಾರ, ಎಲ್ಲಿ ಸೋವಿ ಅದ ಅಲ್ಲಿ ಹೋಗ್ತಾರ," ಎನ್ನುತ್ತಾರೆ.

ಗದ್ದಲ ಕೇಳಿ ಹಿತ್ತಲ ಬಾಗಿಲಿಗೆ ಬಂದು ನಿಂತ ಸತ್ತಾರ್ ಸಾಬರು ಗಡ್ಡ ನೀವಿಕೊಳ್ಳುತ್ತ ಬೇರೆ ಕಡೆ ನೋಡುತ್ತಿದ್ದಾರೆ. ಮಗ ಹಿತ್ತಲನ್ನು ಒಮ್ಮೆ ಈ ಗೋಡೆಯಿಂದ ಆ ಗೋಡೆಯವರೆಗೆ ನಡೆದು ಅಳೆಯುತ್ತಾರೆ, ಆಮೇಲೆ ಅಂಬಣ್ಣನನ್ನು ಕರೆದು, "ಅಲ್ಮಾರಿ ಆ ಬಾಜೂಕ ನಿಲ್ಸೂಣು. ಈ ಒಲಿ, ಮೇಜು ಹಂಗ ಇರ್ಲಿ," ಎನ್ನುತ್ತಾರೆ. ಅರ್ಧ ಹಿತ್ತಲು ಹೋಯಿತು, ಅರ್ಧ ಉಳಿಯಿತು. ಬಂಡೆಮ್ಮ ತಲೆ ಎತ್ತದೆ ಎಲೆ ತೆಗೆಯುತ್ತಿದ್ದಾರೆ. ಎಲೆಗಳನ್ನು ಬುಟ್ಟಿಗೆ ಹಾಕಿದ ಮೇಲೆ ಒರೆಸಿದ ಮೇಜನ್ನೇ ಮತ್ತೊಮ್ಮೆ ಒರೆಸುತ್ತಾರೆ.

ಗದ್ದೆಪ್ಪ ಮಂಚದ ಕಾಲು, ಪಟ್ಟಿಗಳನ್ನು ಗಾಡಿಗೆ ಬಿಗಿದು ಬಸ್ ನಿಲ್ದಾಣದ ಕಡೆ ಹೊರಟಿದ್ದಾರೆ. ಗಂಡಸರು ಗಾಡಿಯ ಜೊತೆಗಿದ್ದಾರೆ, ಹೆಂಗಸರು ನಿಧಾನವಾಗಿ ಎಲೆ ಅಡಿಕೆ ಹಾಕಿಕೊಂಡು ಹಿಂದೆ ಹೋಗುತ್ತಿದ್ದಾರೆ. ಬಂಡೆಮ್ಮ ಈಗ ತಮ್ಮ ರೊಟ್ಟಿ ತೆಗೆದುಕೊಂಡು ಅಂಗಡಿಯ ಮುಂದಿನ ಮೆಟ್ಟಿಲ ಮೇಲೆ ಕುಳಿತಿದ್ದಾರೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಮೊದಲು ಇಲ್ಲ ಎನ್ನುತ್ತಾರೆ, ಆಮೇಲೆ, "ಇನ್ನೊಂದು ಬೆಂಚು ಸಿಕ್ರ ಛಲೋ ಆಗ್ತದ. ಕಾಲು ನೆಟ್ಟಗಿರೂದು," ಎನ್ನುತ್ತಾರೆ.

ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದವರು ಅದನ್ನು ಬಾಯಿಗಿಡದೆ ರಸ್ತೆಯತ್ತ ನೋಡುತ್ತಾರೆ. ಬೂದೆಮ್ಮ, ಆದೆಮ್ಮ ತಿರುವಿನಲ್ಲಿ ಮರೆಯಾಗುತ್ತಿದ್ದಾರೆ.

"ನಮ್ಮವ್ವ ಅಲ್ಲೇ ನಿಂತಿದ್ಲು ನೋಡ್ರಿ, ಆ ತಿರುವಿನಾಗ, ಹಸಕೊಂಡು. ಈ ಒಲಿ ಹಚ್ಚಿದ ಮ್ಯಾಲ ಈ ಅಂಗಡಿ ಮಂಚ ಕಾಯ್ಕೋತ ಯಾವ ಹೆಣ್ಮಗಳೂ ಹಸಕೊಂಡು ಅಲ್ಲಿ ನಿಂತಿಲ್ರಿ."