ಪೆಟ್ಟಿಗೆಯ ಬುಡಕ್ಕೆ ಹಾಕಿದ ನೀರು

ಇದನ್ನು ಹೇಳುವುದನ್ನು ಬಹಳ ದಿನಗಳಿಂದ ಮುಂದೂಡುತ್ತ ಬಂದಿದ್ದೇನೆ. ಬರೆಯಲು ಕುಳಿತಾಗಲೆಲ್ಲ ಪಂಪು ನೋಡಿ ಬರಬೇಕು, ಗೊನೆ ಕಡಿಯುವವರಿಗೆ ಹೇಳಿ ಬರಬೇಕು ಎಂದು ಎದ್ದು ಹೋಗುತ್ತಿದ್ದೆ. ಈಗ ಕಮಲಾಪುರದ ಈ ಮನೆಯಲ್ಲಿ ನಾನೊಬ್ಬನೇ. ಚಹಾ ನಾನೇ ಕಾಸಿಕೊಳ್ಳುತ್ತೇನೆ, ಸರಿಯಾಗಿಲ್ಲವೆಂದು ನಾನೇ ಅಂದುಕೊಳ್ಳುತ್ತೇನೆ.

ನಾನು ಓದಿದ್ದು ಹತ್ತನೆಯ ತರಗತಿಯವರೆಗೆ. ನಮ್ಮದು ಕೆಂಪು ಬಾಳೆಯ ತೋಟ. ಪಂಪಿನ ಮೋಟರ್ ಸುಟ್ಟರೆ ಕಲಬುರಗಿಯ ಕೋಟೆಯ ಹತ್ತಿರ ವೈಂಡಿಂಗ್ ಮಾಡುವ ಒಬ್ಬ ಸಾಹೇಬರ ಅಂಗಡಿಗೆ ಒಯ್ಯುತ್ತಿದ್ದೆ. ಅವರ ಮಗಳು ಎಲೆಕ್ಟ್ರಾನಿಕ್ಸ್‌ನಲ್ಲಿ ಎಂ.ಟೆಕ್. ಮುಗಿಸಿ ಪಿಎಚ್.ಡಿ. ಸೇರಿದ್ದಳು. ಒಂದು ದಿನ ಸಾಹೇಬರು ತಂತಿ ಸುತ್ತುತ್ತಲೇ, ಮಗಳಿಗೆ ಒಂದು ಬಾಳೆ ತೋಟ ಬೇಕಾಗಿದೆ ಎಂದರು. ಬೇರೆ ಅಪ್ಪಂದಿರು ವರ ಹುಡುಕುತ್ತಾರೆ, ನಾನು ತೋಟ ಹುಡುಕುತ್ತಿದ್ದೇನೆ ನೋಡಿ ಎಂದು ನಕ್ಕರು. ನನ್ನ ತೋಟಕ್ಕೇ ಕಳಿಸಿ ಎಂದೆ.

ಹುಡುಗಿ ಬಂದಳು. ಗಿಡಗಳ ಸಾಲಿನ ನಡುವೆ ಅಲ್ಲಲ್ಲಿ ಗೂಟ ನೆಟ್ಟು, ಪ್ರತಿ ಗೂಟಕ್ಕೂ ಒಂದು ಬಿಳಿ ಪೆಟ್ಟಿಗೆ, ಮೇಲೆ ಅಂಗೈಯಗಲದ ಸೋಲಾರ್ ಹಲಗೆ ಕಟ್ಟಿದಳು. ಪೆಟ್ಟಿಗೆಯಿಂದ ಇಳಿದ ತಂತಿಯ ತುದಿ ಮಣ್ಣಿನೊಳಗೆ. ಮಣ್ಣಿನಲ್ಲಿ ಎಷ್ಟು ತೇವವಿದೆ ಎಂಬುದು ಅಲ್ಲಿಂದ ಅವಳ ಕಾಲೇಜಿನ ಕಂಪ್ಯೂಟರಿಗೆ ಹೋಗುತ್ತಿತ್ತು. ಯಾವಾಗ ನೀರು ಬಿಡಬೇಕೆಂದು ರೈತನಿಗೆ ತಿಳಿಸುವ, ಕಡಿಮೆ ಬೆಲೆಯ ಯಂತ್ರ ಮಾಡುವುದು ಅವಳ ಸಂಶೋಧನೆ.

ನನ್ನ ಹೆಂಡತಿ ಅವಳನ್ನು ಉಣಿಸದೆ ಕಳಿಸುತ್ತಿರಲಿಲ್ಲ. ರೊಟ್ಟಿ ಮುರಿಯುತ್ತ ಹುಡುಗಿ ತನ್ನ ಶಿಷ್ಯವೇತನದ ಕತೆ ಹೇಳುತ್ತಿದ್ದಳು. ಅದು ತಿಂಗಳಿಗೆ ಸರಿಯಾಗಿ ಬರುವುದಿಲ್ಲ, ಬಂದಾಗ ಹಲವು ತಿಂಗಳದ್ದು ಒಟ್ಟಿಗೆ ಬರುತ್ತದೆ, ಅಲ್ಲಿಯವರೆಗೆ ತಂತಿ, ಬ್ಯಾಟರಿ ಎಲ್ಲ ಅಪ್ಪನ ಅಂಗಡಿಯಿಂದಲೇ. ಎರಡು ವರ್ಷ ತುಂಬಿದ ಮೇಲೆ ಸಮಿತಿ ಕುಳಿತು ಕೆಲಸ ನೋಡುತ್ತದೆ. ಸರಿ ಎಂದರೆ ಹಣ ಮುಂದುವರಿಯುತ್ತದೆ, ಇಲ್ಲವಾದರೆ ಅಲ್ಲಿಗೇ ನಿಲ್ಲುತ್ತದೆ. ಆ ಬೇಸಿಗೆಯ ಲೆಕ್ಕವೇ ಸಮಿತಿಯ ಮುಂದೆ ಹೋಗುವುದಿತ್ತು. "ನೀವು ದಿನಾ ಹ್ಯಾಂಗ ನೀರ ಬಿಡ್ತೀರಿ ಹಂಗೇ ಬಿಡ್ರಿ ಚಾಚಾ. ನನ್ನ ಸಲುವಾಗಿ ಏನೂ ಮಾಡಬ್ಯಾಡ್ರಿ," ಎಂದು ಅವಳು ಮತ್ತೆ ಮತ್ತೆ ಹೇಳಿದ್ದಳು.

ಒಮ್ಮೆ ಮೊಬೈಲಿನಲ್ಲಿ ನನ್ನ ತೋಟದ ತೇವದ ಗೆರೆ ತೋರಿಸಿದಳು. ಅದು ದಿನದಿಂದ ದಿನಕ್ಕೆ ಕೆಳಗಿಳಿಯುತ್ತಿತ್ತು. ಮಣ್ಣು ಒಣಗುವುದನ್ನೇ ಅವಳು ನೋಡಬೇಕಾಗಿತ್ತೆಂದು ನನಗೆ ಹೊಳೆಯಲಿಲ್ಲ. ಇಳಿಯುವ ಗೆರೆ ಎಂದರೆ ನನ್ನ ಕಣ್ಣಿಗೆ ಕಡಿಮೆ ಬಿದ್ದ ಅಂಕ. ಇಂಥ ತೋಟ ತೋರಿಸಿದರೆ ಹುಡುಗಿ ನಪಾಸಾಗುತ್ತಾಳೆ ಅನ್ನಿಸಿತು. ನನ್ನ ತೋಟದ ಮರ್ಯಾದೆಯೂ ತಲೆಯಲ್ಲಿತ್ತು, ಸುಳ್ಳು ಹೇಳುವುದಿಲ್ಲ. ಮರುದಿನದಿಂದ ಬೆಳಿಗ್ಗೆ ಎದ್ದವನೇ ಒಂದೊಂದು ಪೆಟ್ಟಿಗೆಯ ಬುಡಕ್ಕೂ ಕೊಡದಿಂದ ನೀರು ಹಾಕತೊಡಗಿದೆ. ಹೆಂಡತಿ ನೋಡಿ, ಹುಡುಗಿ ಬೇಡ ಎಂದಿದ್ದಳಲ್ಲ ಎಂದಳು. ನಿನಗೆ ತಿಳಿಯುವುದಿಲ್ಲ ಎಂದೆ.

ಲೆಕ್ಕ ನೋಡಿದ ಅವಳ ಗೈಡ್ ಸಾಹೇಬರಿಗೆ ಅನುಮಾನ ಬಂತು. ತೇವ ಏರುತ್ತಿದ್ದದ್ದು ಬೆಳಿಗ್ಗೆ, ಆ ಹೊತ್ತಿನಲ್ಲಿ ನಮ್ಮ ಕಡೆ ಪಂಪಿಗೆ ಬೇಕಾದ ತ್ರೀಫೇಸ್ ಕರೆಂಟೇ ಇರುವುದಿಲ್ಲ. ಪಂಪು ನಿಂತಿರುವಾಗ ತೇವ ಏರುವುದು ಹೇಗೆ? ಹುಡುಗಿ ಅಂಕಿಗಳನ್ನು ತಾನೇ ಬರೆದು ಸೇರಿಸಿದ್ದಾಳೆ ಎಂಬ ಮಾತು ಹುಟ್ಟಿತು. ಅವರು ಹುಡುಗಿಯನ್ನೂ ಸಮಿತಿಯ ಇಬ್ಬರನ್ನೂ ಕರೆದುಕೊಂಡು ತೋಟಕ್ಕೇ ಬಂದರು. ಕಾರು ನಿಂತದ್ದು ನೋಡಿ ಸುತ್ತಲಿನ ಹೊಲದವರೂ ಬಂದು ಬದುವಿನ ಮೇಲೆ ನಿಂತರು. ಹೊಸದೇನು ಬಂದರೂ ಅವರಿಗೆ ಮೊದಲು ಹೇಳಿಕೊಡುತ್ತಿದ್ದವನು ನಾನು.

ಪೈಪಿನ ನೀರಲ್ಲದೆ ಬೇರೆ ನೀರೇನಾದರೂ ಹಾಕಿದ್ದಿರಾ ಎಂದು ಗೈಡ್ ಸಾಹೇಬರು ಕೇಳಿದರು. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ನಾನು ಮಾಡಿದ್ದು ದಡ್ಡತನವೆಂದು ಆಗಲೇ ಅರ್ಥವಾಗಿತ್ತು. ಅಷ್ಟು ಜನರೆದುರು ಅದನ್ನು ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ.

"ಇಲ್ರೀ. ಪೈಪಿನಾಗ ಬಂದದ್ದಷ್ಟೇ," ಎಂದೆ.

ಚಹಾದ ತಟ್ಟೆ ಹಿಡಿದು ನಿಂತಿದ್ದ ಹೆಂಡತಿ ಮೆಲ್ಲಗೆ, "ದಿನಾ ಮುಂಜಾನಿ ಕೊಡ ತಗೊಂಡು ಹೋಗಿ ಹಾಕ್ತಿದ್ರಲ್ರೀ ನೀವು," ಎಂದಳು.

ನಾನು ನಕ್ಕೆ. "ತುಳಸಿಗಿ ಹಾಕೋ ನೀರಿನ ಮಾತ ಹೇಳಾಕತ್ತಾಳ್ರೀ ಆಕಿ. ವಯಸ್ಸಾಗ್ಯಾದ, ಮರವು ಬಂದದ. ಆಕಿ ಮಾತ ಹಿಡೀಬ್ಯಾಡ್ರಿ."

ಬದುವಿನ ಮೇಲಿದ್ದವರು ನಕ್ಕರು. ಸಮಿತಿಯವರೂ ಸ್ವಲ್ಪ ನಕ್ಕು ಚಹಾ ತೆಗೆದುಕೊಂಡರು. ಹೆಂಡತಿ ಖಾಲಿ ತಟ್ಟೆ ಹಿಡಿದು ಒಳಗೆ ಹೋದಳು. ಅವಳಿಗೆ ಯಾವ ಮರೆವೂ ಇರಲಿಲ್ಲ. ಯಾವ ಗಿಡದ ಗೊನೆ ಯಾವಾಗ ಮೂಡಿತೆಂದು ನಾನೇ ಅವಳನ್ನು ಕೇಳಿ ತಿಳಿದುಕೊಳ್ಳುತ್ತಿದ್ದೆ.

ಕೆಲವು ದಿನಗಳ ನಂತರ ಹುಡುಗಿ ನನ್ನ ಹೆಂಡತಿಗೆ ಫೋನು ಮಾಡಿದಳು. ಸಮಿತಿ ಇನ್ನೂ ತೀರ್ಮಾನ ಕಳಿಸಿಲ್ಲ, ಚಾಚಾ ನಡೆದದ್ದನ್ನು ಎರಡು ಸಾಲು ಬರೆದು ಸಹಿ ಮಾಡಿದರೆ ಸಾಕು ಎಂದಿದ್ದಳು. ಊಟಕ್ಕೆ ಕುಳಿತಾಗ ಹೆಂಡತಿ ಕೇಳಿದಳು, ಬರೆದು ಕೊಡಿ ಎಂದು. ನಾಳೆ ಎಂದೆ. ಮರುದಿನ ಮತ್ತೆ ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು.

ಶಿಷ್ಯವೇತನ ನಿಂತಿತು. ಪೆಟ್ಟಿಗೆಗಳನ್ನು ಬಿಚ್ಚಿಕೊಂಡು ಹೋಗಲು ಹುಡುಗಿ ಬರುವ ದಿನ ನಾನು ಬಸ್ಸು ಹತ್ತಿ ಕಲಬುರಗಿಗೆ ಹೋದೆ. ಕೆಲಸವೇನೂ ಇರಲಿಲ್ಲ. ಸ್ಟೇಶನ್ ಬಜಾರದ ಒಂದು ಹೋಟೆಲಿನಲ್ಲಿ ಕುಳಿತು, ಅಲ್ಲಿಂದ ಎಬ್ಬಿಸಿದ ಮೇಲೆ ಇನ್ನೊಂದರಲ್ಲಿ ಕುಳಿತು ಸಂಜೆ ಮಾಡಿದೆ. ಮುಂದಿನ ಸಲ ಮೋಟರ್ ಸುಟ್ಟಾಗ ಬೇರೆ ಅಂಗಡಿಗೆ ಒಯ್ದೆ.

ಹೆಂಡತಿಗೆ ಮರೆವು ಎಂದು ನಾನು ಆಡಿದ ಮಾತು ಊರಿನಲ್ಲಿ ನಿಂತುಬಿಟ್ಟಿತು. ಹೆಂಡತಿ ಏನು ಹೇಳಿದರೂ ಜನ ನನ್ನ ಮುಖ ನೋಡಿ, ಹೌದೇನ್ರೀ ಎಂದು ಕೇಳತೊಡಗಿದರು. ಅಂಗಡಿಯವನು ಅವಳು ಹೇಳಿದ ಸಾಮಾನನ್ನು ನನಗೆ ಫೋನು ಮಾಡಿ ಖಾತ್ರಿ ಮಾಡಿಕೊಳ್ಳುತ್ತಿದ್ದ. ಪಕ್ಕದ ಮನೆಯವಳು ಅವಳೆದುರೇ, "ಆಯಿ, ಒಲಿ ಆರಿಸಿ ಬಂದೀರಿಲ್ಲ?" ಎಂದು ಹಾಸ್ಯ ಮಾಡುತ್ತಿದ್ದಳು. ಹೆಂಡತಿ ಎದ್ದು ಒಳಗೆ ಬರುತ್ತಿದ್ದಳು. ಬರುಬರುತ್ತ ಮನೆಯಲ್ಲಿ ಅವಳ ಮಾತು ಕಡಿಮೆಯಾಯಿತು. ತೋಟದ ಕಡೆ ಬರುವುದನ್ನು ನಿಲ್ಲಿಸಿದಳು. ನನ್ನ ಜೊತೆ ಜಗಳವಾಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಹೋದ ಚಳಿಗಾಲದಲ್ಲಿ ಜ್ವರ ಬಂದು ತೀರಿಕೊಂಡಳು.

ಅವಳ ಕ್ರಿಯಾಕರ್ಮಗಳೆಲ್ಲ ಮುಗಿದು ಮನೆ ಖಾಲಿಯಾದ ಮೇಲೆ ನಾನು ಹುಡುಗಿಯನ್ನು ಹುಡುಕಿಕೊಂಡು ಹೋದೆ. ಕಲಬುರಗಿಯ ಹತ್ತಿರದ ಕುಸನೂರಿನಲ್ಲಿ ಒಂದು ಕೋಣೆ ಹಿಡಿದು ಡಿಪ್ಲೊಮಾ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಪಿಎಚ್.ಡಿ. ಬಿಟ್ಟಿರಲಿಲ್ಲ, ಪಾಠದ ಸಂಬಳದಲ್ಲೇ ನಡೆಸಿದ್ದಳು, ಅದಕ್ಕೇ ನಿಧಾನ ಎಂದಳು. ನಾನು ನಿಂತುಕೊಂಡೇ ನೀರು ಹಾಕಿದ್ದು, ಸುಳ್ಳು ಹೇಳಿದ್ದು ಎಲ್ಲ ಹೇಳಿ ಕೈಮುಗಿದೆ. ಎರಡು ಸಾಲು ಈಗ ಬರೆದು ಕೊಡುತ್ತೇನೆ ಎಂದೆ. ಆ ಹಣದ ಅವಧಿ ಮುಗಿದು ಹೋಗಿದೆ, ಈಗ ಬರೆದರೆ ಪ್ರಯೋಜನವಿಲ್ಲ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಚಾಚಿ ಆವತ್ತೇ ಖರೇ ಹೇಳಿದ್ರು," ಎಂದಳು. "ನಾನೂ ಅಲ್ಲೇ ನಿಂತಿದ್ದೆ. ಆಕಿ ಮಾತ ಹಿಡೀಬ್ಯಾಡ್ರಿ ಅಂತ ನೀವು ಅಂದಾಗ ನಾನೂ ಸುಮ್ಮನಾದೆ. ಅದು ನನಗ ಇನ್ನೂ ಚುಚ್ಚತದ. ಚಾಚಿ ಮುಂದ ಕ್ಷಮಾ ಕೇಳೀರೇನು ಚಾಚಾ?"

ಹೆಂಡತಿ ತೀರಿಕೊಂಡ ಸುದ್ದಿ ಅವಳಿಗೆ ಮುಟ್ಟಿರಲಿಲ್ಲ. ನಾನು ಹೇಳಿದೆ. ಅವಳು ಪಾಠದ ಮಕ್ಕಳನ್ನು ಹೊರಗೆ ಕಳಿಸಿ ಗೋಡೆಯ ಕಡೆ ತಿರುಗಿ ಕುಳಿತಳು. ನನಗೆ ಕುಳಿತುಕೊಳ್ಳಿ ಅನ್ನುವವರಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ.

ಹುಡುಗಿಯನ್ನು ತಡವಾಗಿಯಾದರೂ ಕ್ಷಮೆ ಕೇಳಿದೆ. ಅವಳ ಅಪ್ಪನ ಅಂಗಡಿಗೂ ಹೋಗಿ ಕೇಳಿದೆ. ಒಬ್ಬಳನ್ನು ಕೇಳಲಿಲ್ಲ. ಒಂದೇ ಸೂರಿನ ಕೆಳಗೆ ದಿನವೂ ನನಗೆ ಬಡಿಸುತ್ತಿದ್ದಳು, ಕೇಳಲು ಅಷ್ಟು ದಿನಗಳಿದ್ದವು. ಅವಳು ನನ್ನ ಹೆಂಡತಿ.